ಸ್ಟೂಲಿನ ಮೇಲೆ ಕೂರಿಸಿದವರು

ಸೋಮವಾರ, ಮಾರ್ಚ್ ೯

ಪ್ರೀತಿಯ ಅಮ್ಮನಿಗೆ, ನಿನ್ನ ಬಾಲಂಗೋಚಿಯ ನಮಸ್ಕಾರ.

ಮೊನ್ನೆ ಶನಿವಾರ ಮಧ್ಯಾಹ್ನ, ನಿನ್ನ ಹಳೆಯ ಕಾಲೇಜಿನ ಐವತ್ತನೇ ವರ್ಷದ ಸಭೆಯಲ್ಲಿ, ತುಂಬಿದ ಸಭಾಂಗಣದ ಎದುರು ನಿನ್ನ ಬಗ್ಗೆ ಒಂದು ಸುಳ್ಳು ಹೇಳಿದರು. ಮಗುವಿಗಾಗಿ ಓದನ್ನು ತಾನಾಗಿಯೇ ಬಿಟ್ಟುಕೊಟ್ಟ ಆದರ್ಶ ತಾಯಿ ಎಂದರು. ಜನ ಚಪ್ಪಾಳೆ ತಟ್ಟಿದರು. ನೀನು ಹೂಗುಚ್ಛ ಹಿಡಿದು ನಿಂತು ನಕ್ಕೆ. ಆ ಮಗು ನಾನೇ ಆಗಿರುವುದರಿಂದ, ಮತ್ತು ನನಗೆ ಯಾವುದೂ ಮರೆತಿಲ್ಲವಾದ್ದರಿಂದ ಈ ಪತ್ರ.

ಎದುರಿಗೇ ಹೇಳಬಹುದಿತ್ತು. ನಿನ್ನ ಮನೆಯೇನು ದೂರವಲ್ಲ, ಒಂದು ಬಸ್ಸು ಬದಲಿಸಿದರಾಯಿತು. ಆದರೆ ಈ ಮಾತು ಎತ್ತಿದಾಗಲೆಲ್ಲ ನೀನು ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಹೋಗುತ್ತೀಯ. ಹೋಗಿ ನೋಡಿದರೆ ಒಲೆ ಹಚ್ಚಿಯೇ ಇರುವುದಿಲ್ಲ. ಕಾಗದವಾದರೆ ನೀನು ಎದ್ದು ಹೋದರೂ ಮೇಜಿನ ಮೇಲೆ ಕಾಯುತ್ತಾ ಬಿದ್ದಿರುತ್ತದೆ.

ನಾನು ಪತ್ರಿಕೆಗಳಿಗೆ ಬರೆಯುವ ಕಾಗದಗಳನ್ನು ನೀನು ಕತ್ತರಿಸಿ ಇಟ್ಟುಕೊಳ್ಳುವುದು ನನಗೆ ಗೊತ್ತು. ಮುಚ್ಚಿದ ಗ್ರಂಥಾಲಯ, ಒಡೆದ ಕಾಲುದಾರಿ, ಆಸ್ಪತ್ರೆಯಲ್ಲಿ ಕೆಟ್ಟು ನಿಂತ ಲಿಫ್ಟು, ಹೀಗೆ ಊರಿನ ಎಲ್ಲ ಅನ್ಯಾಯಕ್ಕೂ ನನ್ನದೊಂದು ಕಾಗದ. ಇವತ್ತು ಯಾರ ಮೇಲೆ ಕೆಂಡ ಕಾರಿದ್ದೀಯಾ ಎಂದು ಕೇಳಿ ನಗುತ್ತೀಯ. ಅಷ್ಟೆಲ್ಲ ಬರೆದವಳು ನನ್ನ ಮನೆಯ ಅನ್ಯಾಯದ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ನಾನು ನೆನಪಿಟ್ಟುಕೊಂಡಿರುವುದನ್ನು ಮೊದಲು ಹೇಳುತ್ತೇನೆ. ತಪ್ಪಿದ್ದರೆ ತಿದ್ದು. ಪತ್ರಿಕೆಯಲ್ಲಿ ಕರಡು ತಿದ್ದಿ ಹೊಟ್ಟೆ ಹೊರೆಯುವವಳಿಗೆ ತಿದ್ದಿಸಿಕೊಳ್ಳಲು ನಾಚಿಕೆಯಿಲ್ಲ.

ನನಗೆ ಆಗ ಐದು ವರ್ಷ. ಅಪ್ಪ ಬಸ್ಸಿನ ಡ್ರೈವರು, ಅವರ ಪಾಳಿ ಯಾವಾಗ ಬದಲಾಗುತ್ತದೋ ಅವರಿಗೇ ಗೊತ್ತಿರುತ್ತಿರಲಿಲ್ಲ. ನಿನ್ನ ಬೆಳಗಿನ ತರಗತಿಗಳ ಹೊತ್ತಿಗೆ ನನ್ನನ್ನು ಕೆಳಮನೆಯ ಟೈಲರ್ ಅತ್ತೆಯ ಬಳಿ ಬಿಡುತ್ತಿದ್ದೆ. ಮಧ್ಯಾಹ್ನ ಅವರು ಹೊಲಿದ ಬಟ್ಟೆಗಳನ್ನು ಅಂಗಡಿಗೆ ಮುಟ್ಟಿಸಲು ಹೋಗಬೇಕು. ಹಾಗಾಗಿ ಪ್ರಾಕ್ಟಿಕಲ್ ಇದ್ದ ಮಧ್ಯಾಹ್ನಗಳಲ್ಲಿ ನಾನು ನಿನ್ನ ಚೀಲದ ಪಟ್ಟಿ ಹಿಡಿದುಕೊಂಡು ಸಸ್ಯಶಾಸ್ತ್ರದ ಲ್ಯಾಬಿಗೆ ಬರುತ್ತಿದ್ದೆ. ನಿನ್ನ ತರಗತಿಯವರು, ನಿನಗಿಂತ ಚಿಕ್ಕವರು, ಬಂತಪ್ಪಾ ಬಾಲಂಗೋಚಿ ಎನ್ನುತ್ತಿದ್ದರು. ಆ ಹೆಸರು ಇವತ್ತಿಗೂ ನನ್ನ ಬಿಟ್ಟಿಲ್ಲ, ನನಗೂ ಅದನ್ನು ಬಿಡಲು ಮನಸ್ಸಿಲ್ಲ.

ಲ್ಯಾಬಿನ ಉದ್ದದ ಮೇಜು, ಕೊನೆಯಲ್ಲಿ ಸದಾ ತೊಟ್ಟಿಕ್ಕುವ ನಲ್ಲಿ, ಗೋಡೆಯ ಬೀರುವಿನಲ್ಲಿ ದ್ರಾವಣದಲ್ಲಿ ಮುಳುಗಿದ ಬೇರುಗಳ ಬಾಟಲಿಗಳು. ನೀನು ಕಾಂಡದ ತುಂಡನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಬ್ಲೇಡನ್ನು ನೀರಿಗೆ ಅದ್ದಿ, ಒಂದೇ ಎಳೆತಕ್ಕೆ ನಿನ್ನ ಕಡೆಗೆ ಎಳೆಯುತ್ತಿದ್ದೆ. ಈರುಳ್ಳಿಯ ಪೊರೆಗಿಂತ ತೆಳುವಾದ ಬಿಲ್ಲೆ ಬ್ಲೇಡಿನ ಮೇಲೆ ಮಲಗಿರುತ್ತಿತ್ತು. ಅದನ್ನು ಕುಂಚದಿಂದ ಎತ್ತಿ, ಕೆಂಪು ಬಣ್ಣ ಹಚ್ಚಿ, ತೊಳೆದು, ಗಾಜಿನ ಮೇಲಿಟ್ಟು, ಮೇಲಿನ ತೆಳುಗಾಜನ್ನು ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸುತ್ತಿದ್ದೆ. ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ನಿನ್ನ ಸ್ಲೈಡುಗಳಲ್ಲಿ ಯಾವತ್ತೂ ಉಳಿಯುತ್ತಿರಲಿಲ್ಲ. ಬೇರೆಯವರ ಅವಸರದ ಸ್ಲೈಡಿನಲ್ಲಿ ದುಂಡನೆಯ ಗುಳ್ಳೆ ಕಂಡರೆ, ನೋಡು ಚಂದ್ರ ಬಂದಿದಾನೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ.

ನನ್ನನ್ನು ಸುಮ್ಮನಿರಿಸಲು ನೀನು ಕಂಡುಕೊಂಡ ಉಪಾಯವೇ ಸೂಕ್ಷ್ಮದರ್ಶಕ. ಕಾಂಡದ ಬಿಲ್ಲೆಯಲ್ಲಿ ಕಾಣುವ ಆಕಾರಗಳಿಗೆ ನೀನು ಒಂದೊಂದು ಹೆಸರಿಟ್ಟಿದ್ದೆ. ಕುಂಬಳದ ಬಳ್ಳಿ ಎಂದರೆ ಐದು ಮೂಲೆಯ ಮನೆ. ಸೂರ್ಯಕಾಂತಿ ಎಂದರೆ ವೃತ್ತವಾಗಿ ಕೈ ಹಿಡಿದು ನಿಂತ ಮಕ್ಕಳು. ಮೆಕ್ಕೆಜೋಳ ಎಂದರೆ ಕೋತಿ ಮುಖಗಳು, ಯಾರೋ ಚೀಲದಿಂದ ಚೆಲ್ಲಿದ ಹಾಗೆ ಎಲ್ಲೆಂದರಲ್ಲಿ. ಹುಲ್ಲಿನಲ್ಲೂ ಕೋತಿಗಳಿರುತ್ತವೆ, ಆದರೆ ಅಂಚಿನಲ್ಲಿ ಸಾಲಾಗಿ, ನಡುವೆ ಟೊಳ್ಳು. ನನಗೆ ಅಕ್ಷರ ಕೂಡಿಸಲು ಬರುವ ಮೊದಲೇ ಕಾಂಡಗಳು ಗೊತ್ತಿದ್ದವು.

ಇದು ವಿಭಾಗದ ಮುಖ್ಯಸ್ಥರ ಕಣ್ಣಿಗೆ ಬಿತ್ತು. ಜೇಬಿನಲ್ಲಿ ಸದಾ ಪೆಪ್ಪರಮೆಂಟು ಇಟ್ಟುಕೊಂಡಿರುತ್ತಿದ್ದ, ಹುಡುಗಿಯರೆಲ್ಲ ಪೆಪ್ಪರಮೆಂಟು ಮೇಷ್ಟ್ರು ಎಂದು ಕರೆಯುತ್ತಿದ್ದ ಮನುಷ್ಯ. ಮೊದಮೊದಲು ನನ್ನನ್ನು ಕಂಡರೆ ಇದೇನು ಶಿಶುವಿಹಾರವೇ ಎಂದು ಗೊಣಗುತ್ತಿದ್ದವರಿಗೆ ಆಮೇಲೆ ನಾನೊಂದು ಆಟಿಕೆಯಾದೆ. ಯಾರಾದರೂ ದೊಡ್ಡವರು ಲ್ಯಾಬು ನೋಡಲು ಬಂದರೆ ಸಾಕು, ನನ್ನ ಕಂಕುಳಿಗೆ ಕೈಹಾಕಿ ಎತ್ತಿ ಸ್ಟೂಲಿನ ಮೇಲೆ ಕೂರಿಸಿ, ಏನಮ್ಮಾ ಇದು, ಜೋರಾಗಿ ಹೇಳು ಎನ್ನುವರು. ನಾನು ಕೂಗುವೆ. ಬಂದವರು ನಗುವರು. ನನಗೊಂದು ಪೆಪ್ಪರಮೆಂಟು. ಮೆಲ್ಲಗೆ ಹೇಳಿದರೆ ಸಿಗುತ್ತಿರಲಿಲ್ಲ. ಜೋರಾಗಿ ಕೂಗುವುದನ್ನು ನನಗೆ ಕಲಿಸಿದವರು ಅವರು, ನೀನಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಸಭೆಯಲ್ಲಿ ಈ ಭಾಗ ಯಾರ ಬಾಯಲ್ಲೂ ಬರಲಿಲ್ಲ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಟೈಲರ್ ಅತ್ತೆಗೆ ಜ್ವರ. ಅಪ್ಪ ಆಗಲೇ ಬಸ್ಸು ತೆಗೆದುಕೊಂಡು ಹೋಗಿಯಾಗಿತ್ತು. ನೀನು ನನ್ನನ್ನು ಕರೆದುಕೊಂಡೇ ಹೋಗಿ, ಲ್ಯಾಬಿಗೆ ಅಂಟಿಕೊಂಡ ಸಾಮಾನು ಕೋಣೆಯಲ್ಲಿ ಅಟೆಂಡರಣ್ಣನ ಬಳಿ ಬಿಟ್ಟೆ. ಅವರು ನನಗೆ ಹಳೆಯ ಕಾರ್ಕುಗಳನ್ನು ಆಡಲು ಕೊಟ್ಟರು. ಬಾಗಿಲು ಮುಚ್ಚಿತ್ತು, ನಾನು ಅದನ್ನು ತೆರೆಯಲಿಲ್ಲ. ಚಿಲಕ ನನ್ನ ಕೈಗೆ ಎಟುಕುತ್ತಲೇ ಇರಲಿಲ್ಲ.

ಬಾಗಿಲು ತೆರೆದವರು ಮೇಷ್ಟ್ರು. ಹೊರಗಿನ ಊರಿನಿಂದ ಪರೀಕ್ಷಕರು ಬಂದಿದ್ದರು, ಕೆಲಸ ಮುಗಿಯುತ್ತಾ ಬಂದಿತ್ತು. ಸಾಲಾಗಿ ಇಟ್ಟ ಸೂಕ್ಷ್ಮದರ್ಶಕಗಳನ್ನು ಒಬ್ಬೊಬ್ಬರೇ ನೋಡಿ, ಅದು ಯಾವ ಗಿಡದ ಕಾಂಡ ಎಂದು ಬರೆದು, ಗಂಟೆ ಹೊಡೆದಾಗ ಮುಂದಿನದಕ್ಕೆ ಸರಿಯಬೇಕು. ಸಾಲಿನಲ್ಲಿ ನೀನೇ ಕಡೆಯವಳು, ನಿನಗೆ ಒಂದೇ ಒಂದು ಬಾಕಿ ಇತ್ತು. ಎಲ್ಲರದೂ ಮುಗಿಯಿತೆಂದು ಮೇಷ್ಟ್ರು ಭಾವಿಸಿರಬೇಕು. ಅವರ ಪರವಾಗಿ ಹೇಳಬಹುದಾದದ್ದು ಇಷ್ಟೇ, ಅದನ್ನು ಹೇಳಿದ್ದೇನೆ. ಪರೀಕ್ಷಕರಿಗೆ ಒಂದು ತಮಾಷೆ ತೋರಿಸುತ್ತೇನೆ ಎಂದು ನನ್ನನ್ನು ಎತ್ತಿ ತಂದು, ನಿನಗೆ ಬಾಕಿಯಿದ್ದ ಆ ಕೊನೆಯ ಸೂಕ್ಷ್ಮದರ್ಶಕದ ಮುಂದಿನ ಸ್ಟೂಲಿನ ಮೇಲೆ ಕೂರಿಸಿದರು. ಆ ಬೆರಳುಗಳು ನನ್ನ ಪಕ್ಕೆಗೆ ಒತ್ತಿದ್ದು ನನಗೆ ಇವತ್ತಿಗೂ ನೆನಪಿದೆ. ನಾನು ಒಂದು ಕಣ್ಣು ಮುಚ್ಚಿ ಬಗ್ಗಿದೆ. ಕೋತಿಗಳು ಕಂಡವು. ಕೋತಿಗಳ ಪಕ್ಕದಲ್ಲಿ, ಎಡಗಡೆ, ಒಂದು ಚಂದ್ರ.

ಜೋಳ, ಕೋತಿ ಮುಖ ಇದೆ, ಚಂದ್ರಾನೂ ಇದೆ ಎಂದು ಕೂಗಿದೆ.

ಪರೀಕ್ಷಕರು ಮೊದಲು ನಕ್ಕರು. ಆಮೇಲೆ ಯಾರ ಮಗು ಇದು ಎಂದು ಕೇಳಿದರು. ಯಾರೋ ನಿನ್ನ ಕಡೆ ಬೆರಳು ತೋರಿಸಿದರು. ನೀನು ಉತ್ತರದ ಹಾಳೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಗಂಟೆ ಹೊಡೆಯಿತು. ಎಲ್ಲರೂ ನೋಡುತ್ತಿರುವಾಗಲೇ ನೀನು ಬಂದು, ನನ್ನನ್ನು ಕೆಳಗಿಳಿಸಿ, ಬಗ್ಗಿ ನೋಡಿ, ಏನೋ ಬರೆದು, ಹಾಳೆಯನ್ನು ಮೇಜಿನ ಮೇಲಿಟ್ಟೆ. ಆಗ ಮೇಷ್ಟ್ರು ಹೇಳಿದ ಮಾತು ನನಗೆ ಅಕ್ಷರ ಅಕ್ಷರವೂ ಗೊತ್ತು.

"ಮಗು ತಾನಾಗೇ ಓಡಿ ಬಂತು ಸಾರ್. ಕರ್ಕೊಂಡು ಬರಬೇಡಿ ಅಂತ ಎಷ್ಟು ಹೇಳಿದ್ರೂ ಇವರು ಕೇಳಲ್ಲ."

ಅಟೆಂಡರಣ್ಣ ಸಾಮಾನು ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಅವರು ನೆಲ ನೋಡಿದರು. ನಿನ್ನ ತರಗತಿಯವರು ಕಿಟಕಿ ನೋಡಿದರು. ನೀನು ಮೇಷ್ಟ್ರನ್ನೇ ನೋಡಿದೆ.

ಆಮೇಲೆ ಅವರ ಕೋಣೆ. ನಾನು ಕುರ್ಚಿಯಲ್ಲಿ, ನೀನು ನಿಂತುಕೊಂಡು. ಮಗು ಹೇಳಿದ್ದೇ ಬೇರೆ, ನಾನು ಬರೆದದ್ದೇ ಬೇರೆ, ಹಾಳೆ ತೆರೆದು ನೋಡಿ ಎಂದು ನೀನು ಅಂದೆ. ಅವರು ನೋಡಲಿಲ್ಲ. ನಕಲು ಎಂದು ದಾಖಲಾದರೆ ಯಾವ ಕಾಲೇಜಿನ ಬಾಗಿಲೂ ತೆರೆಯುವುದಿಲ್ಲ, ಅದರ ಬದಲು ಕಾಲೇಜು ಬಿಡುತ್ತೇನೆಂದು ಒಂದು ಅರ್ಜಿ ಬರೆದುಕೊಟ್ಟುಬಿಡು, ಮುಂದಿನ ವರ್ಷ ಬಂದು ಪರೀಕ್ಷೆ ಮುಗಿಸಬಹುದು ಎಂದು ಬಹಳ ಕಾಳಜಿಯಿಂದ ತಿಳಿಹೇಳಿದರು. ಅವರು ಹೇಳುತ್ತಾ ಹೋದರು, ನೀನು ಬರೆಯುತ್ತಾ ಹೋದೆ. ಮಗುವಿನ ಪಾಲನೆಯ ಸಲುವಾಗಿ, ಸ್ವಂತ ಇಚ್ಛೆಯಿಂದ. ನೀನು ಬರೆಯುವಷ್ಟು ಹೊತ್ತು ನಾನು ಪೆಪ್ಪರಮೆಂಟು ಚೀಪುತ್ತಿದ್ದೆ. ಆಟ ಸರಿಯಾಗಿ ಆಡಿದ್ದಕ್ಕೆ ಸಿಕ್ಕಿದ್ದೆಂದು ತಿಳಿದಿದ್ದೆ.

ಮುಂದಿನ ವರ್ಷ ನೀನು ಹೋದೆ. ಸ್ವಂತ ಇಚ್ಛೆಯಿಂದ ಬಿಟ್ಟವರನ್ನು ಮರಳಿ ಸೇರಿಸಿಕೊಳ್ಳುವ ನಿಯಮವಿಲ್ಲ ಎಂದರು. ಅದಕ್ಕೂ ಮುಂದಿನ ವರ್ಷವೂ ಹೋದೆ. ಆಮೇಲೆ ಹೂವಿನ ಅಂಗಡಿಗೆ ಕೆಲಸಕ್ಕೆ ಹೋದೆ. ದೇಟು ಕತ್ತರಿಸುವ ಕೆಲಸ. ಇವಳ ಹಾಗೆ ಓರೆಯಾಗಿ, ಒಂದೇ ಏಟಿಗೆ ಕತ್ತರಿಸುವವರು ಇನ್ನೊಬ್ಬರಿಲ್ಲ ಎಂದು ಅಂಗಡಿಯ ಯಜಮಾನಿ ಬಂದವರೆದುರು ಹೊಗಳುತ್ತಿದ್ದರು. ಆ ಕೈ ಎಲ್ಲಿ ಪಳಗಿದ್ದೆಂದು ಅವರು ಕೇಳಲಿಲ್ಲ, ನೀನು ಹೇಳಲಿಲ್ಲ.

ಮನೆಯಲ್ಲಿ ಈ ಕತೆ ಬೇರೆಯೇ ಆಯಿತು. ಬಂದ ನೆಂಟರಿಗೆಲ್ಲ ಅಪ್ಪ, ಇವಳಿಗೋಸ್ಕರ ಅವಳು ಓದು ಬಿಟ್ಟಳು ಎನ್ನುತ್ತಿದ್ದರು. ಹೆಮ್ಮೆಯಿಂದಲೇ ಹೇಳುತ್ತಿದ್ದರು ಪಾಪ. ನನಗೆ ಶಾಲೆಯಲ್ಲಿ ಅಂಕ ಕಡಿಮೆಯಾದರೆ ಅತ್ತೆಯಂದಿರು, ನಿಮ್ಮಮ್ಮ ಯಾರಿಗೋಸ್ಕರ ಕಾಲೇಜು ಬಿಟ್ಟಳು ಅಂತ ನೆನಪಿದೆ ತಾನೇ ಎಂದು ಕೇಳುವರು. ನೆನಪಿಲ್ಲದೆ ಏನು? ಹತ್ತು ವರ್ಷವಾದಾಗ ಒಂದು ದಿನ ತಡೆಯಲಾಗದೆ, ನಾನು ಕೂಗಿದ್ದಕ್ಕೇ ಹೀಗಾಯಿತಲ್ಲವೇ ಎಂದು ನಿನ್ನನ್ನು ಕೇಳಿದೆ. ನೀನು ನನ್ನ ಜಡೆ ಹೆಣೆಯುತ್ತಿದ್ದೆ. ಕೈ ನಿಲ್ಲಲಿಲ್ಲ.

"ನೀನು ಹೇಳಿದ್ದೇ ತಪ್ಪು ಕಣೇ. ಅದು ಜೋಳ ಅಲ್ಲ, ಹುಲ್ಲು. ನಾನು ಹುಲ್ಲು ಅಂತ್ಲೇ ಬರೆದಿದ್ದು. ತಪ್ಪು ಉತ್ತರದಿಂದ ಯಾರಿಗೆ ಏನಾಗುತ್ತೆ? ಮರೆತುಬಿಡು."

ಆ ಮಾತನ್ನು ಹಿಡಿದುಕೊಂಡೇ ನಾನು ಬೆಳೆದೆ. ಐದು ವರ್ಷದ ಹುಡುಗಿ ತಪ್ಪು ಹೇಳಿದ್ದಳು, ಆದ್ದರಿಂದ ಅವಳ ತಪ್ಪಿಲ್ಲ.

ಈಗ ಶನಿವಾರದ ವಿಚಾರ. ಸನ್ಮಾನಕ್ಕೆ ಯಾಕೆ ಒಪ್ಪಿಕೊಂಡೆ ಎಂದು ನಾನು ಬಸ್ಸಿನಲ್ಲಿ ಕೇಳಿದಾಗ, ನೀನು ಲ್ಯಾಬನ್ನು ಒಂದು ಸಲ ನೋಡಬಹುದಲ್ಲ ಎಂದೆ. ಅಷ್ಟೇ ಆಸೆ. ನಿವೃತ್ತರಾಗಿ ಬಿಳಿಯ ಕೂದಲಿನ ಮುಖ್ಯ ಅತಿಥಿಯಾಗಿ ಬಂದಿದ್ದ ಮೇಷ್ಟ್ರು ನನ್ನನ್ನೂ ಎದ್ದು ನಿಲ್ಲಿಸಿದರು. ಈ ಪುಟ್ಟಿ ಪರೀಕ್ಷೆಯ ಹಾಲಿಗೆ ತಾನಾಗಿಯೇ ಓಡಿ ಬಂದು ಉತ್ತರ ಕೂಗಿಬಿಟ್ಟಿದ್ದಳು, ಆ ದಿನವೇ ಈ ತಾಯಿ ತನ್ನ ಸ್ಥಾನ ಎಲ್ಲಿ ಎಂದು ತೀರ್ಮಾನಿಸಿದರು ಎಂದರು. ಜನ ಬಿದ್ದು ಬಿದ್ದು ನಕ್ಕರು, ಆಮೇಲೆ ಚಪ್ಪಾಳೆ. ನಲವತ್ತು ದಾಟಿದ ಪುಟ್ಟಿ ಕೈಕಟ್ಟಿ ನಿಂತಿದ್ದಳು. ನೀನು ಹೂಗುಚ್ಛವನ್ನು ತಿರುಗಿಸಿ ದೇಟುಗಳ ತುದಿ ನೋಡುತ್ತಿದ್ದೆ. ಮೊಂಡು ಕತ್ತರಿಯಿಂದ ಜಜ್ಜಿದ ಹಾಗೆ ಕತ್ತರಿಸಿದ್ದರು. ನಿನ್ನ ಮುಖದಲ್ಲಿ ಆ ಹೊತ್ತು ಕಂಡ ಬೇಸರ ಅದೊಂದಕ್ಕೇ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆನೇನೋ. ನಿನ್ನ ಜತೆ ಇಷ್ಟು ವರ್ಷ ಸುಮ್ಮನಿದ್ದು ಅಭ್ಯಾಸವಾಗಿದೆ. ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ನಡೆದದ್ದನ್ನು ಮಾತ್ರ ನುಂಗಲಾರೆ. ಹೆಗಲ ಮೇಲೆ ಮಗು ಮಲಗಿಸಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ ಹುಡುಗಿ. ಅವಳದೂ ಕೊನೆಯ ವರ್ಷ. ಮಗು ಅಳುತ್ತದೆಂದು ಅವಳನ್ನು ಸಭೆಯ ಒಳಗೆ ಬಿಟ್ಟಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ತನ್ನ ತಂಗಿ ಮಗುವನ್ನು ಹಿಡಿದುಕೊಂಡು ಕೂರಲು ಒಂದು ಕೋಣೆ ಬೇಕು, ನಡುವೆ ಹಾಲು ಕೊಟ್ಟು ಬರಲು ಬಿಡಬೇಕು ಎಂದು ಕೇಳಿದ್ದಳಂತೆ. ಈಗಿನ ಪ್ರಾಂಶುಪಾಲರು ನಮ್ಮ ಜತೆ ನಡೆದು ಬರುತ್ತಿದ್ದವರು ಅವಳನ್ನು ಕಂಡು ನಿಂತರು. ನಿನ್ನನ್ನು ತೋರಿಸಿದರು.

"ಇವ್ರನ್ನ ನೋಡಿ ಕಲಿಯಮ್ಮಾ. ಇವ್ರೇನು ರೂಮು ಕೇಳಿದ್ರಾ? ಮಗು ಮುಖ್ಯ ಅಂತ ಬಿಟ್ಟುಕೊಟ್ರು. ನೀನೂ ಒಂದು ಅರ್ಜಿ ಬರೆದುಕೊಡು, ಮುಂದಿನ ವರ್ಷ ನೋಡೋಣ."

ಅದೇ ಅರ್ಜಿ, ಅಮ್ಮ. ಅದೇ ಮುಂದಿನ ವರ್ಷ.

ಅವರು ಹೋದ ಮೇಲೆ ಹುಡುಗಿ ನಿನ್ನ ಹತ್ತಿರ ಬಂದಳು. ಬಿಟ್ಟ ಮೇಲೆ ನಿಮಗೆ ಬೇಜಾರಾಗಲಿಲ್ಲವಾ ಆಂಟಿ ಎಂದು ಕೇಳಿದಳು. ಅವಳು ವಿಷಯ ತಿಳಿಯಲು ಕೇಳಲಿಲ್ಲ. ಏನು ಮಾಡಲಿ ಎಂದು ಕೇಳಿದಳು. ನೀನು ಅವಳ ಮಗುವಿನ ಕಾಲ್ಚೀಲ ಸರಿಮಾಡುತ್ತಾ, ಅಭ್ಯಾಸ ಆಗುತ್ತೆ ಮಗು ಎಂದುಬಿಟ್ಟೆ. ಅವಳ ಮುಖ ನೀನು ನೋಡಲಿಲ್ಲ. ನಾನು ನೋಡಿದೆ. ನಿನ್ನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ನಿನಗೆ ಮೌನವಾಗಿರುವ ಹಕ್ಕಿದೆ, ನಿನ್ನ ಮಟ್ಟಿಗೆ. ಆದರೆ ನಿನ್ನ ಮೌನವನ್ನು ಅವರು ಈಗ ಆ ಹುಡುಗಿಯನ್ನು ಹೊರದೂಡುವ ಕೋಲು ಮಾಡಿಕೊಂಡಿದ್ದಾರೆ. ಅರ್ಜಿ ಕೊಡಲು ಅವಳಿಗೆ ಈ ವಾರ ಗಡುವು. ನಿನ್ನೆ ಅವಳನ್ನು ಹುಡುಕಿಕೊಂಡು ಹೋಗಿ, ನಡೆದದ್ದನ್ನೆಲ್ಲ ಹೇಳಿ, ಇನ್ನೂ ಬರೆಯಬೇಡ ಎಂದು ಬೇಡಿಕೊಂಡು ಬಂದಿದ್ದೇನೆ. ಅವಳು, ಎಲ್ಲರೆದುರು ಇದನ್ನು ಯಾರಾದರೂ ಹೇಳುತ್ತಾರಾ ಅಕ್ಕ ಎಂದು ಕೇಳಿದಳು. ಹೇಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಆದ್ದರಿಂದ ಇದು ಅಪ್ಪಣೆ ಕೇಳುವ ಪತ್ರವಲ್ಲ, ತಿಳಿಸುವ ಪತ್ರ. ಕಾಲೇಜಿಗೂ, ನಮ್ಮ ಪತ್ರಿಕೆಗೂ ಇವತ್ತು ಬೆಳಿಗ್ಗೆ ಬರೆದು ಕಳಿಸಿದ್ದೇನೆ. ಸಂಪಾದಕರು ಓದಿ, ಇದರಲ್ಲಿ ತಿದ್ದುವುದೇನಿಲ್ಲ ಎಂದರು. ಗುರುವಾರ ಅಚ್ಚಾಗುತ್ತದೆ. ಬರುವ ಶನಿವಾರ ಉತ್ಸವದ ಕಡೆಯ ಸಭೆ, ಮೇಷ್ಟ್ರು ಮತ್ತೆ ವೇದಿಕೆಯ ಮೇಲಿರುತ್ತಾರೆ. ಆ ಆದರ್ಶ ತಾಯಿಯ ಬಿರುದು, ವೇದಿಕೆಯಲ್ಲಿ ಹೂಗುಚ್ಛದ ಜತೆ ಕೊಟ್ಟ ಆ ಚೌಕಟ್ಟು ಹಾಕಿದ ಪ್ರಶಸ್ತಿ ಅವರ ಬಳಿಯೇ ಇರಲಿ. ನನ್ನ ತಾಯಿ ಕಾಲೇಜು ಬಿಡಲಿಲ್ಲ, ಅವಳನ್ನು ಕಳಿಸಲಾಯಿತು ಎಂದು ಒಪ್ಪಿಕೊಳ್ಳಲಿ. ಹುಡುಗಿಗೆ ಅವಳು ಕೇಳಿದ ಕೋಣೆ ಕೊಡಲಿ. ಮತ್ತು ಮೂವತ್ತೆಂಟು ವರ್ಷದಿಂದ ನಾನು ಹೊತ್ತು ತಿರುಗುತ್ತಿರುವ ಒಂದೇ ಒಂದು ಪ್ರಶ್ನೆಗೆ, ಅದೇ ಸಭಾಂಗಣದಲ್ಲಿ, ಅದೇ ಮೈಕಿನ ಮುಂದೆ, ಎಲ್ಲರ ಕಿವಿಗೆ ಬೀಳುವಂತೆ ಮೇಷ್ಟ್ರು ಉತ್ತರ ಹೇಳಲಿ: ಆ ದಿನ ಬಾಗಿಲು ತೆರೆದು, ನನ್ನನ್ನು ಎತ್ತಿ ತಂದು, ಆ ಸ್ಟೂಲಿನ ಮೇಲೆ ಕೂರಿಸಿದವರು ಯಾರು?

ಇತಿ ನಿನ್ನ
ಬಾಲಂಗೋಚಿ

ತಾ.ಕ. ಶನಿವಾರ ಲ್ಯಾಬಿನ ಮೆಟ್ಟಿಲ ತನಕ ಬಂದವಳು ಮಂಡಿ ನೋವು ಎಂದು ಕೆಳಗಿನ ಬೆಂಚಿನ ಮೇಲೆ ಕೂತುಬಿಟ್ಟೆಯಲ್ಲ, ಆಗ ನೀರು ಕುಡಿದು ಬರುತ್ತೇನೆ ಎಂದು ನಾನು ಹೋದದ್ದು ಮೇಲಕ್ಕೆ. ಹಳೆಯ ಸ್ಲೈಡುಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಕಡೆಯ ಸೂಕ್ಷ್ಮದರ್ಶಕದಲ್ಲಿ ಕೋತಿಗಳಿದ್ದವು, ಎಡಗಡೆ, ಅದೇ ಜಾಗದಲ್ಲಿ, ಚಂದ್ರನೂ ಇದ್ದ; ಅದೇ ಸ್ಲೈಡು. ನಡುವೆ ಟೊಳ್ಳಿರಲಿಲ್ಲ. ಅದು ಹುಲ್ಲಲ್ಲ ಅಮ್ಮ, ಮೆಕ್ಕೆಜೋಳ. ನಾನು ಸರಿಯಾಗಿಯೇ ಹೇಳಿದ್ದೆ. ನಿನ್ನ ಕಣ್ಣಿಗೆ ಅದು ತಪ್ಪಿಹೋಯಿತು ಎಂದರೆ ನಾನು ನಂಬುವುದಿಲ್ಲ. ಮಗುವಿನಿಂದ ಉತ್ತರ ಪಡೆದಳು ಎಂದು ಯಾರೂ ಬಾಯಿ ಬಿಡಬಾರದೆಂದು, ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಬರೆದೆ. ಆಮೇಲೆ ನನ್ನ ಜಡೆ ಹೆಣೆಯುತ್ತಾ ಆ ತಪ್ಪನ್ನು ನನಗೆ ಕೊಟ್ಟೆ, ನಾನು ಹಗುರಾಗಿರಲಿ ಎಂದು. ಇದನ್ನು ಪತ್ರಿಕೆಗೆ ಬರೆದಿಲ್ಲ. ಇದಕ್ಕೆ ನಿನ್ನಿಂದ ಉತ್ತರವೂ ಬೇಡ. ಬರುವ ಶನಿವಾರದ ತನಕ ಸ್ಲೈಡು ಅಲ್ಲೇ ಇರುತ್ತದೆ. ಮೆಟ್ಟಿಲು ಹತ್ತುವುದು ಕಷ್ಟವಾದರೆ ನನ್ನ ಚೀಲದ ಪಟ್ಟಿ ಹಿಡಿದುಕೋ.